ತಗ್ಗು ಮುಚ್ಚಿದ ಮೈದಾನ

ಅಜ್ಜಂಪುರದ ಹತ್ತಿರದ ಆ ಹೈಸ್ಕೂಲಿಗೆ ವರ್ಗವಾಗಿ ಬಂದಾಗ ನನಗೆ ಐವತ್ತೊಂದು ವರ್ಷ. ಬೇರೆ ಮೇಷ್ಟ್ರುಗಳಿಗೆ ಅದು ಅಂಥ ವಯಸ್ಸಲ್ಲ. ಆಟ ಆಡಿಸುವ ಮೇಷ್ಟ್ರಿಗೆ ವಯಸ್ಸೇ. ಕಡೂರಿನ ಕಡೆ, ಆಮೇಲೆ ತರೀಕೆರೆಯ ಕಡೆ, ಮಕ್ಕಳ ಜೊತೆ ಓಡಿ ಓಡಿ ಎರಡೂ ಮಂಡಿ ಸವೆದಿದ್ದವು. ಮನೆ ಬೀರೂರಿನಲ್ಲಿತ್ತು. ಹೆಂಡತಿಗೆ ಅಲ್ಲೇ ಅಂಗನವಾಡಿಯ ಕೆಲಸ, ಹಾಗಾಗಿ ಬಿಟ್ಟು ಹೋಗುವಂತಿರಲಿಲ್ಲ. ದಿನಾ ಬೆಳಿಗ್ಗೆ ಬಸ್ಸು, ಅಜ್ಜಂಪುರದಲ್ಲಿ ಇಳಿದು ಆಟೋ, ಸಂಜೆ ಅದೇ ದಾರಿ ಹಿಂದಕ್ಕೆ. ಇನ್ನು ಒಂಬತ್ತು ವರ್ಷ ಹೀಗೇ ತಳ್ಳಿದರೆ ಆಯಿತು ಅಂದುಕೊಂಡೇ ನಾನು ಆ ಶಾಲೆಯ ಗೇಟು ದಾಟಿದ್ದು. ಹೊಸದಾಗಿ ಏನಾದರೂ ಮಾಡಬೇಕೆಂಬ ಆಸೆ ಇರಲಿಲ್ಲ.

ಗೇಟಿನಿಂದ ನೋಡಿದರೆ ಮೈದಾನ ಚೆನ್ನಾಗಿಯೇ ಕಂಡಿತು. ನಾಲ್ಕು ಎಕರೆಯಷ್ಟು ಜಾಗ, ಒಂದು ಬದಿಗೆ ಬೇವಿನ ಮರಗಳು, ಆಚೆಗೆ ಈರುಳ್ಳಿ ಹೊಲಗಳು. ಕಾಲಿಟ್ಟ ಮೇಲೆ ಗೊತ್ತಾಯಿತು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಮಂಡಿ ಎರಡು ಸಲ ಚುಳುಕ್ಕೆಂದಿತು. ನೆಲ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಆಳ ಹೆಚ್ಚೇನಲ್ಲ, ಒಂದು ಗೇಣು, ಕೆಲವು ಕಡೆ ಒಂದೂವರೆ ಗೇಣು. ಒಂದು ತಗ್ಗಿನಿಂದ ಇನ್ನೊಂದು ತಗ್ಗಿಗೆ ಎರಡು ಮೂರು ಮಾರು ದೂರ. ನಡುವೆ ದಿಣ್ಣೆ. ಯಾರೋ ಅಳತೆ ಹಿಡಿದು ಮಾಡಿದ ಹಾಗೆ ಇಡೀ ಮೈದಾನದಲ್ಲಿ ಅದೇ.

ಜೆಸಿಬಿಯವರು ಏನಾದರೂ ಅಗೆದು ಹಾಗೇ ಬಿಟ್ಟು ಹೋದರೇ ಎಂದು ಶಾಲೆಯ ಅಟೆಂಡರನ್ನು ಕೇಳಿದೆ. ಆತ ಅದೇ ಊರಿನವನು, ನನಗಿಂತ ಮೂರು ವರ್ಷ ದೊಡ್ಡವನು. ಯಾರೂ ಅಗೆದಿಲ್ಲ ಎಂದ. ಈ ಜಾಗ ಹಿಂದೆ ದನ ಮೇಯುವ ಕಾವಲಿಗೆ ಸೇರಿದ್ದಂತೆ. ನೇಗಿಲು ಕಂಡ ನೆಲವೇ ಅಲ್ಲ. ಸುತ್ತಲಿನ ಹೊಲಗಳೂ ಒಂದು ಕಾಲಕ್ಕೆ ಹೀಗೇ ಇದ್ದವು, ವರ್ಷಾ ವರ್ಷಾ ಉತ್ತು ಉತ್ತು ಮಟ್ಟವಾದವು. ಇದು ಮಾತ್ರ ಹಾಗೇ ಉಳಿಯಿತು. ಚಿಕ್ಕವನಿದ್ದಾಗ ಆತ ಕಾವಲಿನಲ್ಲಿ ದನ ಕಾಯುತ್ತಿದ್ದನಂತೆ. ಅಲ್ಲಿ ಇದಕ್ಕಿಂತ ದೊಡ್ಡ ತಗ್ಗುಗಳಿವೆ, ಮಳೆ ಬಿದ್ದ ಮೇಲೆ ದನಗಳಿಗೆ ಅಲ್ಲಲ್ಲೇ ನೀರು ಸಿಗುತ್ತಿತ್ತು ಎಂದ.

“ಇದು ಎರೆ ಕಣ್ ಸಾರ್,” ಅಂದ ಕೊನೆಗೆ. “ಕೆಮ್ಮಣ್ಣಿನ ಥರ ಸುಮ್ನೆ ಬಿದ್ದಿರಲ್ಲ.”

ನಾನು ಕಡೂರಿನ ಕೆಮ್ಮಣ್ಣಿನಲ್ಲಿ ಹುಟ್ಟಿ ಬೆಳೆದವನು. ಅಲ್ಲಿ ಒಮ್ಮೆ ಗರಸು ಹೊಡೆಸಿ ರೋಲರ್ ಎಳೆದರೆ ಮೈದಾನ ಹತ್ತು ವರ್ಷ ಅಲುಗದು. ಎರೆಭೂಮಿ ಅಂದರೆ ಕಪ್ಪಗಿರುತ್ತದೆ, ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ ಎನ್ನುವಷ್ಟೇ ನನಗೆ ಗೊತ್ತಿದ್ದದ್ದು. ಆ ಬೇಸಿಗೆಯಲ್ಲಿ ಉಳಿದದ್ದನ್ನೂ ನೋಡಿದೆ. ಮಾರ್ಚ್ ಬಂದದ್ದೇ ನೆಲ ಬಾಯಿ ಬಿಟ್ಟಿತು. ಏಪ್ರಿಲ್ ಹೊತ್ತಿಗೆ ಬಿರುಕಿನೊಳಗೆ ಮೊಳಕೈವರೆಗೆ ಕೈ ಇಳಿಯುತ್ತಿತ್ತು. ಆಡುವಾಗ ಒಂದು ಟೆನಿಸ್ ಚೆಂಡು ಹೋಗಿ ಬಿತ್ತು, ಕಡ್ಡಿ ಹಾಕಿದರೂ ತಳ ಸಿಗಲಿಲ್ಲ. ದಿಣ್ಣೆಗಳ ಮೇಲೆ ಕಡಲೆಕಾಳಿನಷ್ಟು ದಪ್ಪದ ಬಿಳಿ ಹರಳು ಚೆಲ್ಲಿಕೊಂಡಿರುತ್ತಿದ್ದವು. ತಗ್ಗುಗಳಲ್ಲಿ ಒಂದೂ ಇಲ್ಲ. ಅವು ಸುಣ್ಣದ ಹರಳು, ಕೆಳಗಿನಿಂದ ಬರುತ್ತವೆ ಎಂದ ಅಟೆಂಡರ್. ಕಲ್ಲು ಕೆಳಗಿನಿಂದ ಮೇಲಕ್ಕೆ ಹೇಗೆ ಬರುತ್ತದೆ ಎಂದು ನಾನು ಕೇಳಲಿಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು.

ಅಜ್ಜಂಪುರ ಆಗ ಹೊಸದಾಗಿ ತಾಲ್ಲೂಕಾಗಿತ್ತು. ಅಲ್ಲಿಯವರೆಗೆ ಕ್ರೀಡಾಕೂಟವೆಂದರೆ ಮಕ್ಕಳನ್ನು ತರೀಕೆರೆಗೆ ಕರೆದುಕೊಂಡು ಹೋಗಬೇಕಿತ್ತು. ತಾಲ್ಲೂಕು ಬೇರೆಯಾದ ಮೇಲೆ ಕ್ರೀಡಾಕೂಟವೂ ಇಲ್ಲೇ ಆಗಬೇಕು, ಅದಕ್ಕೆ ದೊಡ್ಡ ಮೈದಾನ ಬೇಕು ಎಂಬ ಮಾತು ಬಂತು. ಜಾಗ ಇರುವುದು ನಮ್ಮಲ್ಲೇ ತಾನೇ ಎಂದು ಶಾಲಾ ಸಮಿತಿಯ ಅಧ್ಯಕ್ಷರು ಒಪ್ಪಿಕೊಂಡು ಬಂದುಬಿಟ್ಟರು. ಒಂದು ದಿನ ನನ್ನನ್ನು ಕರೆದು, ಮೈದಾನ ಒಂದು ಮಟ್ಟ ಮಾಡಿಸಿಬಿಡಿ ಎಂದರು. ಅವರದೇ ಟ್ರ್ಯಾಕ್ಟರ್ ಕೊಟ್ಟರು.

ಮೇ ತಿಂಗಳ ರಜೆಯಲ್ಲಿ ಎರಡು ದಿನ ನಿಂತು ಕೆಲಸ ಮಾಡಿಸಿದೆ. ಟ್ರ್ಯಾಕ್ಟರಿನ ಬ್ಲೇಡು ದಿಣ್ಣೆ ಕೆರೆದು ತಗ್ಗಿಗೆ ತುಂಬಿತು. ಕಲ್ಲಿನ ರೋಲರ್ ಎಳೆಸಿದೆವು. ಮೂರನೆಯ ದಿನ ನಾನೂ ಅಟೆಂಡರೂ ಸೇರಿ ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಹಾಕಿದೆವು. ಕಪ್ಪು ನೆಲದ ಮೇಲೆ ಆ ಬಿಳಿ ಗೆರೆಗಳು ಎಷ್ಟು ಚೆನ್ನಾಗಿ ಕಂಡವೆಂದರೆ, ಬಹಳ ವರ್ಷಗಳ ಮೇಲೆ ನನಗೆ ನನ್ನ ಕೆಲಸದ ಬಗ್ಗೆ ಸಂತೋಷವಾಯಿತು. ಆ ವರ್ಷದ ಕ್ರೀಡಾಕೂಟ ಸಾಂಗವಾಗಿ ಮುಗಿಯಿತು. ಅಧ್ಯಕ್ಷರು ವೇದಿಕೆಯ ಮೇಲೆ ನನಗೆ ಹಾರ ಹಾಕಿದರು.

ಮುಂದಿನ ಬೇಸಿಗೆಯ ಹೊತ್ತಿಗೆ ತಗ್ಗುಗಳು ವಾಪಸು ಬಂದಿದ್ದವು. ಅವೇ ಜಾಗದಲ್ಲಿ, ಒಂದು ಮಾರೂ ಆಚೀಚೆ ಇಲ್ಲದೆ.

ಮತ್ತೆ ಬ್ಲೇಡು ಹೊಡೆಸಿದೆ. ಮತ್ತೆ ಬಂದವು. ಮೂರನೆಯ ವರ್ಷ ಹಟಕ್ಕೆ ಬಿದ್ದು ತರೀಕೆರೆಯ ಕಡೆಯಿಂದ ಲಾರಿಯಲ್ಲಿ ಕೆಮ್ಮಣ್ಣು ತರಿಸಿ ಅರ್ಧ ಅಡಿ ಹರಡಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು ಮಣ್ಣು ಅಲ್ಲಲ್ಲಿ ಕೆಂಪನ್ನು ಸೀಳಿಕೊಂಡು ಮೇಲೆ ಬಂತು. ದಿಣ್ಣೆಗಳೆಲ್ಲ ಕಪ್ಪು, ತಗ್ಗುಗಳೆಲ್ಲ ಕೆಂಪು. ಶಾಲೆಯ ಮಾಳಿಗೆ ಹತ್ತಿ ನೋಡಿದರೆ ದೊಡ್ಡ ಮೃಗವೊಂದು ಮಚ್ಚೆ ಮಚ್ಚೆಯ ಚರ್ಮ ಹೊದ್ದು ಮಲಗಿದ ಹಾಗೆ ಕಾಣುತ್ತಿತ್ತು. ಮಕ್ಕಳು ಅದನ್ನು ನೋಡಲೆಂದೇ ಮೆಟ್ಟಿಲು ಹತ್ತುತ್ತಿದ್ದರು. ಸಂಜೆ ಬೀರೂರಿಗೆ ಹೋಗಿ ಚಪ್ಪಲಿ ಬಿಚ್ಚಿದರೆ ಹೆಂಡತಿ ಬಿಸಿನೀರು ಕೊಟ್ಟು, ಆ ಮಣ್ಣಿನ ಜೊತೆ ಯಾಕೆ ಗುದ್ದಾಡುತ್ತೀರಿ ಎಂದು ಕೇಳುತ್ತಿದ್ದಳು. ಬಿಟ್ಟುಬಿಟ್ಟರೆ ಸೋತ ಹಾಗೆ ಎನ್ನಿಸುತ್ತಿತ್ತು, ಅಷ್ಟೇ.

ಆ ವರ್ಷ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಸಣ್ಣ ಮೈ, ಉದ್ದ ಕಾಲು, ಮಾತು ಕಡಿಮೆ. ನಾನೂರು ಮೀಟರ್ ಓಟದಲ್ಲಿ ಅವಳ ಹಾಗೆ ಓಡುವ ಮಗುವನ್ನು ನಾನು ನನ್ನ ಸರ್ವಿಸ್ಸಿನಲ್ಲಿ ಮೂರೋ ನಾಲ್ಕೋ ಸಲ ಕಂಡಿರಬಹುದು. ಕೊನೆಯ ತಿರುವಿನಲ್ಲಿ ಬೇರೆಯವರಿಗೆ ಉಸಿರು ಕಟ್ಟಿದರೆ ಇವಳಿಗೆ ಆಗಲೇ ಕಾಲು ಬಿಚ್ಚಿಕೊಳ್ಳುತ್ತಿತ್ತು. ಅವಳಿಗಾಗಿಯೇ ಆ ಮೇ ತಿಂಗಳಲ್ಲಿ ಇನ್ನೊಂದು ಸಲ ಮೈದಾನ ಮಟ್ಟ ಮಾಡಿಸಿದೆ. ಈ ಸಲ ತಗ್ಗುಗಳಿಗೆ ಹೆಚ್ಚು ಮಣ್ಣು ತುಂಬಿಸಿ, ನೀರು ಚಿಮುಕಿಸಿ, ರೋಲರ್ ಎರಡೆರಡು ಸಲ ಎಳೆಸಿದೆ. ಮೇಲೆ ನೋಡಿದರೆ ಸಿಮೆಂಟು ಹಾಕಿದ ಕಣದ ಹಾಗಿತ್ತು.

ಮೃಗಶಿರ ಮಳೆ ಹನಿಸಿ ಹೋಯಿತು. ಆರಿದ್ರಾ ಕೈಕೊಟ್ಟಿತು. ಮೇಲಿನ ಎರಡಂಗುಲ ನೆನೆದು ಒಣಗಿ ಮುಚ್ಚಿಕೊಂಡಿತ್ತು. ಜುಲೈಯ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ, ಹುಡುಗಿ ಓಡುತ್ತಿದ್ದಳು. ನಾನು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಎರಡನೆಯ ತಿರುವಿನಲ್ಲಿ ಅವಳ ಎಡಗಾಲು ನೆಲದೊಳಗೆ ಹೋಯಿತು. ಎಡವಿದ್ದಲ್ಲ, ಕಾಲು ಮೀನಖಂಡದವರೆಗೆ ಒಳಗಿಳಿದು ಅಲ್ಲೇ ಸಿಕ್ಕಿಕೊಂಡಿತು; ಮೈ ಮಾತ್ರ ಓಡುತ್ತಿದ್ದ ವೇಗದಲ್ಲೇ ಮುಂದೆ ಹೋಯಿತು. ಅವಳು ಕಿರುಚಲಿಲ್ಲ. ನಾನು ಹತ್ತಿರ ಹೋದಾಗ ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡು, ಸಾರ್, ಏನೋ ಕಿತ್ತಂಗಾಯ್ತು ಎಂದಳು.

ಅಟೆಂಡರೂ ನಾನೂ ಎತ್ತಿ ಕೂರಿಸಿ ಆಟೋದಲ್ಲಿ ಅಜ್ಜಂಪುರದ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಮಂಡಿಯೊಳಗಿನ ಲಿಗಮೆಂಟು ಹರಿದಿದೆ, ಆಪರೇಷನ್ ಆಗಬೇಕು, ಆಮೇಲೆ ನಡೆಯುವುದಕ್ಕೆ ತೊಂದರೆಯಿಲ್ಲ ಎಂದರು ಡಾಕ್ಟರು. ಓಟ? ಎಂದು ನಾನು ಕೇಳಿದೆ. ನೋಡೋಣ ಎಂದರು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು.

ಎಂಟು ಹತ್ತು ದಿನ ಬಿಟ್ಟು ಹುಡುಗಿಯ ತಾಯಿ ಶಾಲೆಗೆ ಬಂದಳು. ಯಾವುದೋ ಅರ್ಜಿಗೆ ಹೆಡ್‌ಮೇಷ್ಟ್ರ ಸಹಿ ಬೇಕಿತ್ತು. ಸಹಿ ಮಾಡಿಸಿಕೊಂಡು, ನಾನಿದ್ದ ಸ್ಪೋರ್ಟ್ಸ್ ರೂಮಿನ ಬಾಗಿಲಲ್ಲಿ ನಿಂತಳು. ಕೂತುಕೊಳ್ಳಮ್ಮ ಎಂದರೂ ಕೂರಲಿಲ್ಲ. ಸಿಟ್ಟಿನಲ್ಲಿ ಬಂದಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಆ ನೆಲ ಸರಿಯಿಲ್ಲ ಅಂತ ನಿಮ್ಗೆ ಗೊತ್ತಿತ್ತಾ ಮೇಷ್ಟ್ರೇ?” ಎಂದು ಕೇಳಿದಳು.

“ಗೊತ್ತಿತ್ತಮ್ಮ,” ಎಂದೆ.

“ಮತ್ತೆ ಯಾಕೆ ಓಡ್ಸಿದ್ರಿ?”

ಮಟ್ಟ ಮಾಡಿಸಿದ್ದೆ, ಸರಿಹೋಗಿದೆ ಅಂದುಕೊಂಡಿದ್ದೆ ಎಂದು ಏನೋ ಹೇಳಿದೆ. ಅವಳು ಕೇಳಿಸಿಕೊಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೋದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟಕ್ಕೇ ಹೋಗುತ್ತಿರಲಿಲ್ಲ.

ಆಮೇಲೆ ನಾನು ಮೈದಾನಕ್ಕೆ ಇಳಿಯುವುದನ್ನೇ ಕಡಿಮೆ ಮಾಡಿದೆ. ಮಕ್ಕಳಿಗೆ ಕೇರಂ ಬೋರ್ಡು ಕೊಟ್ಟು ವರಾಂಡದಲ್ಲಿ ಕೂರಿಸುತ್ತಿದ್ದೆ. ಕ್ರೀಡಾಕೂಟವನ್ನು ಆ ವರ್ಷ ಬೇರೆ ಕಡೆ ಮಾಡಿದರು. ಅಧ್ಯಕ್ಷರಿಗೆ ಬೇಸರವಾಯಿತು, ನನಗೆ ಏನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಬೀರೂರು ಬಂದದ್ದೂ ತಿಳಿಯುತ್ತಿರಲಿಲ್ಲ. ವಾಲಂಟರಿ ರಿಟೈರ್‌ಮೆಂಟ್ ತೆಗೆದುಕೊಂಡುಬಿಡಲೇ ಎಂದು ಒಂದೆರಡು ಸಲ ಮನೆಯಲ್ಲಿ ಮಾತೆತ್ತಿದೆ. ತೆಗೆದುಕೊಂಡು ಏನು ಮಾಡುತ್ತೀರಿ ಎಂದಳು ಹೆಂಡತಿ. ಅದೂ ನಿಜವೇ.

ಮುಂದಿನ ಫೆಬ್ರವರಿಯಲ್ಲಿ ಶಾಲೆಗೆ ಎರಡು ಹೊಸ ಕೊಠಡಿ ಮಂಜೂರಾದವು. ಮೈದಾನದ ಅಂಚಿನಲ್ಲೇ ಕಟ್ಟಬೇಕೆಂದು ತೀರ್ಮಾನವಾಗಿ, ಮಣ್ಣು ಪರೀಕ್ಷೆಗೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಒಳಗಿನ ವಯಸ್ಸು, ಮಣ್ಣಿನ ವಿಷಯವನ್ನೇ ಓದಿದವಳು. ಜೆಸಿಬಿ ತರಿಸಿ ಒಂದು ತಗ್ಗಿನ ನಡುವಿನಿಂದ ಪಕ್ಕದ ದಿಣ್ಣೆಯ ನಡುವಿನವರೆಗೆ ಉದ್ದಕ್ಕೆ ಕಾಲುವೆಯ ಹಾಗೆ ಅಗೆಸಿದಳು, ಆಳ ಆಳುದ್ದಕ್ಕಿಂತ ಜಾಸ್ತಿ. ಏಣಿ ಇಟ್ಟು ಒಳಗಿಳಿದು ಚಾಕುವಿನಿಂದ ಗೋಡೆ ಕೆರೆಯುತ್ತಾ ಕೂತಳು. ಅಟೆಂಡರ್ ಮೇಲೆ ನಿಂತು ನೋಡುತ್ತಿದ್ದವನು ನನ್ನನ್ನು ಕರೆದ. ಹೋಗುವ ಮನಸ್ಸಿರಲಿಲ್ಲ, ಹೋದೆ. ಬನ್ನಿ ಸಾರ್, ಕೆಳಗೆ ಬಂದರೆ ಚೆನ್ನಾಗಿ ಕಾಣುತ್ತದೆ ಎಂದು ಆ ಹೆಣ್ಣುಮಗಳು ಅಂದಳು. ಮಂಡಿ ಹಿಡಿದುಕೊಂಡು ಇಳಿದೆ.

ಅವಳು ಒಂದು ಹೆಂಟೆಯನ್ನು ಒಡೆದು ತೋರಿಸಿದಳು. ಒಡೆದ ಮುಖ ಸಾಣೆ ಹಿಡಿದ ಹಾಗೆ ಹೊಳೆಯುತ್ತಿತ್ತು, ಅದರ ಮೇಲೆ ಸಣ್ಣ ಸಣ್ಣ ಗೀರು. ಮಣ್ಣು ಮಣ್ಣಿನ ಮೇಲೆ ಜಾರಿ ಜಾರಿ ಹೀಗೆ ನುಣುಪಾಗುತ್ತದೆ ಎಂದು ವಿವರಿಸಿದಳು. ಬೇಸಿಗೆಯಲ್ಲಿ ಎರೆ ಒಣಗಿ ಕುಗ್ಗುತ್ತದೆ, ಆಳಕ್ಕೆ ಬಿರಿಯುತ್ತದೆ. ಮೇಲಿನ ಪುಡಿಮಣ್ಣು ಗಾಳಿಗೋ ಕಾಲಿಗೋ ಸಿಕ್ಕಿ ಬಿರುಕಿನೊಳಗೆ ಬೀಳುತ್ತದೆ. ಮಳೆ ಬಂದು ಕೆಳಗಿನ ಮಣ್ಣು ನೀರು ಕುಡಿದು ಹಿಗ್ಗುವಾಗ ಅದರ ಜಾಗದಲ್ಲಿ ಆಗಲೇ ಪುಡಿ ಬಂದು ಕೂತಿರುತ್ತದೆ. ಹಿಗ್ಗಿದ ಮಣ್ಣಿಗೆ ಜಾಗ ಸಾಲದು. ಪಕ್ಕಕ್ಕೆ ಒತ್ತುತ್ತದೆ, ಓರೆಯಾಗಿ ಮೇಲಕ್ಕೆ ಜಾರುತ್ತದೆ. ಮೇಲೆ ಬಂದದ್ದು ದಿಣ್ಣೆ, ಬಿಟ್ಟ ಜಾಗ ತಗ್ಗು. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಲ್ಲೇ ಮಣ್ಣು ಹೆಚ್ಚು ಹಿಗ್ಗಿ ಹೆಚ್ಚು ಕುಗ್ಗುತ್ತದೆ. ಹಾಗಾಗಿ ತಗ್ಗು ತಗ್ಗಾಗಿಯೇ ಇರುತ್ತದೆ. ನೂರಾರು ವರ್ಷದಿಂದ ನಿಧಾನಕ್ಕೆ ಹೀಗೇ ನಡೆದಿದೆ, ಮೇಲೆ ತುಂಬಿದ ಸಡಿಲ ಮಣ್ಣು ಮಾತ್ರ ಒಂದೆರಡು ಮಳೆಗೇ ಕುಸಿದು ಹಳೆಯ ತಗ್ಗು ತೋರಿಸಿಬಿಡುತ್ತದೆ ಎಂದಳು. ದಿಣ್ಣೆಯ ಕೆಳಗೆ ಗೋಡೆಯಲ್ಲಿ ಮಣ್ಣಿನ ಪದರ ವಾಲಿಕೊಂಡು ಮೇಲಕ್ಕೆ ಎದ್ದಿದ್ದು ನನ್ನ ಕಣ್ಣಿಗೂ ಕಂಡಿತು. ಅದರ ಉದ್ದಕ್ಕೂ ಸುಣ್ಣದ ಹರಳು.

ತಗ್ಗಿನ ಬದಿಯ ಗೋಡೆಯಲ್ಲಿ ಬೇರೊಂದು ಬಿಳಿ ಇತ್ತು. ಹರಳಲ್ಲ, ಪುಡಿ. ಬೆರಳಗಲದ ಗೆರೆಯಾಗಿ ನನ್ನ ಎದೆಮಟ್ಟದವರೆಗೆ ಇಳಿದಿತ್ತು. ಇದು ಏನು ಅಂತಲೇ ತಿಳೀತಿಲ್ಲ ಎಂದಳು ಅವಳು. ನಾನು ಕೈಯಿಂದ ಉಜ್ಜಿ ನೋಡಿದೆ. ನಾನೇ ವರ್ಷಾ ವರ್ಷಾ ಟ್ರ್ಯಾಕ್ ಹಾಕಿದ ಸುಣ್ಣ. ಬಿರುಕಿನೊಳಗೆ ಬಿದ್ದು ಅಷ್ಟು ಆಳಕ್ಕೆ ಹೋಗಿತ್ತು. ಅದರ ಪಕ್ಕದಲ್ಲೇ, ನಾನು ತುಂಬಿಸಿದ್ದ ಮಣ್ಣಿನ ಕೆಳಗೆ, ಒಂದು ಬಿರುಕು ಇನ್ನೂ ಹಾಗೇ ತೆರೆದುಕೊಂಡಿತ್ತು. ಮೇಲೆ ಒಂದು ಗೇಣು ಸಡಿಲ ಮಣ್ಣು, ಅದರ ಮೇಲೆ ರೋಲರ್ ಎಳೆದ ತೆಳು ಹಪ್ಪಳ.

ಮೇಲೆ ಮುಚ್ಚಿಬಿಟ್ಟರೆ ಒಳಗಿರುವುದು ಹೋಗುತ್ತದೆಯೇ ಎಂದು ಕೇಳಿದೆ. ಇಲ್ಲ ಸಾರ್, ಕಾಣುವುದಿಲ್ಲ ಅಷ್ಟೇ ಎಂದಳು. ಅವಳಿಗೆ ಹುಡುಗಿಯ ವಿಷಯ ಗೊತ್ತಿರಲಿಲ್ಲ.

ಏಣಿ ಹತ್ತಿ ಮೇಲೆ ಬಂದು ಬೇವಿನ ಮರದ ಕೆಳಗೆ ಕೂತೆ. ತಗ್ಗು ತಗ್ಗಾಗಿಯೇ ಇದ್ದಿದ್ದರೆ ಆ ಮಗು ಕಣ್ಣಿಟ್ಟು ಓಡುತ್ತಿತ್ತು. ಎರೆಹೊಲದಲ್ಲೇ ನಡೆಯಲು ಕಲಿತ ಮಗು ಅದು. ತಗ್ಗು ಕಂಡರೆ ಕಾಲು ತಾನಾಗಿ ಹೆಜ್ಜೆ ಬದಲಿಸುತ್ತಿತ್ತು. ಅವಳಿಗೆ ಕಾಣದ ಹಾಗೆ ಮಾಡಿದವನು ನಾನು. ಇದು ನನಗೆ ಗೊತ್ತಾದ ಮೇಲೆ, ಗೊತ್ತಿಲ್ಲದವನ ಹಾಗೆ ಓಡಾಡಲು ಆಗಲಿಲ್ಲ.

ಎರಡು ದಿನ ಬಿಟ್ಟು ಶಾಲೆಯಿಂದ ಹುಡುಗಿಯ ಊರಿಗೆ ನಡೆದೇ ಹೋದೆ. ತಾಯಿ ಮನೆಯ ಮುಂದಿನ ಚಪ್ಪರದಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಈರುಳ್ಳಿ ಹಸನು ಮಾಡುತ್ತಿದ್ದಳು. ಹುಡುಗಿ ಶಾಲೆಗೆ ಹೋಗಿದ್ದಳು. ಆಗಲೇ ಕೋಲು ಬಿಟ್ಟು ನಡೆಯುತ್ತಿದ್ದಳು. ಆ ಹೆಂಗಸರ ಮುಂದೆ ಹೇಗೆ ಹೇಳುವುದೆಂದು ನಿಂತೆ. ಆಮೇಲೆ ಅಲ್ಲೇ ಹೇಳಿದೆ. ಬಿರುಕಿನ ಮೇಲೆ ಮಣ್ಣು ಮುಚ್ಚಿಸಿದ್ದೆ, ಕೆಳಗೆ ಟೊಳ್ಳು ಹಾಗೇ ಇತ್ತು, ಅವಳ ಕಾಲು ಹೋದದ್ದು ಅದರೊಳಕ್ಕೆ, ತಪ್ಪು ನೆಲದ್ದಲ್ಲ ನನ್ನದು ಎಂದೆ.

ಅವಳು ಕುಡುಗೋಲು ಕೆಳಗಿಟ್ಟಳು.

“ನೀವು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ,” ಎಂದಳು.

“ಹೌದಮ್ಮ.”

“ಗೊತ್ತಾಗಿ ಈಗೇನ್ ಮಾಡ್ಲಿ ಹೇಳಿ.” ಮತ್ತೆ ಕುಡುಗೋಲು ತೆಗೆದುಕೊಂಡಳು. ಎರಡು ಈರುಳ್ಳಿಯ ಬಾಲ ಕತ್ತರಿಸಿ ಪಕ್ಕಕ್ಕೆ ಹಾಕಿದಳು. “ಇನ್ಮೇಲೆ ಮುಚ್ಬೇಡಿ. ಅಷ್ಟೇಯ.”

ಕೂರಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಉಳಿದ ಹೆಂಗಸರಲ್ಲಿ ಒಬ್ಬಳು ಎದ್ದು ನೀರು ತಂದುಕೊಟ್ಟಳು. ಕುಡಿದು ಚೊಂಬು ಇಟ್ಟು ಬಂದೆ. ಮನಸ್ಸು ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಿಸಿಲಲ್ಲಿ ನಡೆದು ಸುಸ್ತಾಗಿತ್ತು, ಬಸ್ಸು ತಪ್ಪಿತ್ತು. ಸ್ಟೇಷನ್ನಿಗೆ ಹೋಗಿ ಬೀರೂರಿನ ಕಡೆಯ ರೈಲಿಗೆ ಕಾದು ಕೂತೆ.

ಹೊಸ ಕೊಠಡಿಗಳನ್ನು ಆ ಜಾಗದಲ್ಲಿ ಕಟ್ಟುವುದು ಬೇಡ ಎಂದು ವರದಿ ಬಂತು. ರಸ್ತೆಯ ಬದಿಯ ಗಟ್ಟಿ ನೆಲದಲ್ಲಿ ಕಟ್ಟಿದರು. ಮೈದಾನ ಕ್ರೀಡಾಕೂಟಕ್ಕೆ ಯೋಗ್ಯವಲ್ಲ ಎಂದು ನಾನೇ ಬರೆದು ಸಹಿ ಹಾಕಿ ಕೊಟ್ಟೆ. ಅಧ್ಯಕ್ಷರು ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾಲ್ಕು ದಿಣ್ಣೆ ಕೂಡಿದ ಒಂದು ಅಗಲವಾದ ಜಾಗವಿತ್ತು, ಅದರಲ್ಲಿ ಕಬಡ್ಡಿ ಅಂಕಣ ಹಾಕಿದೆ. ಓಡುವ ಮಕ್ಕಳನ್ನು ಬೆಳಿಗ್ಗೆ ಕೆರೆ ಏರಿಯ ಮೇಲಿನ ಗರಸು ದಾರಿಗೆ ಕರೆದುಕೊಂಡು ಹೋಗುತ್ತೇನೆ. ಅದು ನೇರ ದಾರಿ, ತಿರುವು ಕಲಿಸಲು ಆಗುವುದಿಲ್ಲ. ಜಿಲ್ಲಾ ಮಟ್ಟಕ್ಕೆ ಹೋದಾಗ ನಮ್ಮ ಮಕ್ಕಳು ತಿರುವಿನಲ್ಲೇ ಹಿಂದೆ ಬೀಳುತ್ತಾರೆ. ಇನ್ನೆರಡು ವರ್ಷ ಸರ್ವಿಸ್ ಇದೆ. ಅಟೆಂಡರ್ ಕಳೆದ ವರ್ಷ ನಿವೃತ್ತನಾದ. ಮಳೆ ಬಿದ್ದ ಮಾರನೆಯ ದಿನ ಒಂದೊಂದು ತಗ್ಗಿನಲ್ಲೂ ಒಂದೊಂದು ತಟ್ಟೆ ನೀರು ನಿಂತಿರುತ್ತದೆ. ಪ್ರಾರ್ಥನೆಗೆ ಬರುವ ಮಕ್ಕಳು ದಿಣ್ಣೆಯಿಂದ ದಿಣ್ಣೆಗೆ ಹಾರುತ್ತಾ ಬರುತ್ತಾರೆ. ಯಾರೂ ಬೀಳುವುದಿಲ್ಲ.

ಮೊನ್ನೆ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಈಗ ಪಿಯುಸಿ. ನಡಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಅವಳೇ ಬಂದು ಮಾತಾಡಿಸಿದಳು. ಪರೀಕ್ಷೆ, ಟ್ಯೂಷನ್, ಅಕೌಂಟೆನ್ಸಿ ಕಷ್ಟ ಎಂಬ ಮಾತು. ಮಂಡಿಯ ಬಗ್ಗೆ ಕೇಳಬೇಕೆಂದುಕೊಂಡು, ಟ್ಯೂಷನ್ ಎಲ್ಲಿ ಎಂದು ಕೇಳಿದೆ. ಅದನ್ನು ಹೇಳಿ ಅವಳೇ ಕೇಳಿದಳು.

“ಈಗ ನಾನೂರು ಮೀಟರ್ ಯಾರು ಓಡ್ತಾರೆ ಸಾರ್?”

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ ಎಂದೆ. ಎಷ್ಟು ಟೈಮ್ ಮಾಡ್ತಾಳೆ ಎಂದು ಕೇಳಿದಳು. ಹೇಳಿದೆ.

“ನಂದು ಅದಕ್ಕಿಂತ ಕಮ್ಮಿ ಇತ್ತು ಅಲ್ವಾ ಸಾರ್?”

“ಹೌದಮ್ಮ,” ಎಂದೆ. “ಎರಡು ಸೆಕೆಂಡ್ ಕಮ್ಮಿ ಇತ್ತು.”

ತಲೆಯಾಡಿಸಿದಳು. ಅವರೂರಿನ ಬಸ್ಸು ಬಂತು, ಬರ್ತೀನಿ ಸಾರ್ ಎಂದು ಹತ್ತಿ ಹೋದಳು. ನನ್ನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.